ಕಳೆದುಹೋದ ಬೈಗುಳಗಳು ಇಲ್ಲಿ ಸಿಗುತ್ತವೆ

ನನ್ನ ಅತ್ತಿಗೆಗೆ ಸೈಕಲ್ ತುಳಿಯಲು ಕೂಡ ಬರುವುದಿಲ್ಲ. ಆದರೂ ದಿನಾ ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮನೆಯ ಚಿಕ್ಕ ಕೋಣೆಯಲ್ಲಿ ಕೂತು ಬಸ್ಸು ಓಡಿಸುತ್ತಾರೆ. ಅದು ಕಂಪ್ಯೂಟರಿನೊಳಗಿನ ಬಸ್ಸು, ವಿಡಿಯೋ ಗೇಮಿನದು. ದೀಪದ ಕಂಬಕ್ಕೆ ಗುದ್ದುತ್ತಾರೆ, ಫುಟ್‌ಪಾತ್ ಮೇಲೆ ಹತ್ತಿಸುತ್ತಾರೆ, ಒಮ್ಮೆ ಇಡೀ ಬಸ್ಸನ್ನು ಯಾರದೋ ಈಜುಕೊಳಕ್ಕೆ ಇಳಿಸಿದ್ದರು. ಇದನ್ನೆಲ್ಲ ಲೈವ್ ಸ್ಟ್ರೀಮ್ ಬೇರೆ ಮಾಡುತ್ತಾರೆ. ಅಂದರೆ ಇವರು ಇಲ್ಲಿ ಕಂಬಕ್ಕೆ ಗುದ್ದುವುದನ್ನು ಎಲ್ಲೆಲ್ಲೋ ಕೂತ ಜನ ಮೊಬೈಲಿನಲ್ಲಿ ನೋಡುತ್ತಾರೆ, ಪಕ್ಕದ ಚಾಟ್‌ನಲ್ಲಿ ಬಾಯಿಗೆ ಬಂದದ್ದು ಬರೆಯುತ್ತಾರೆ.

ನಾನು ಆ ಚಾಟ್‌ನ ಕಾವಲುಗಾರ್ತಿ. ಕನ್ನಡಕದ ಅಂಗಡಿಯಲ್ಲಿ ನನಗೆ ಕೆಲಸ. ಮಧ್ಯಾಹ್ನ ಶಟರ್ ಎಳೆದು ಮನೆಗೆ ಬಂದವಳು ಅತ್ತಿಗೆಯ ಪಕ್ಕ ಮೊಬೈಲು ಹಿಡಿದು ಕೂರುತ್ತೇನೆ. ಕೆಟ್ಟದ್ದು ಬಂದರೆ ಅಳಿಸುವ, ಬರೆದವರನ್ನು ಆಚೆ ದಬ್ಬುವ ಅಧಿಕಾರ ನನ್ನ ಹೆಬ್ಬೆರಳಿನಲ್ಲಿದೆ. ನನಗೋ ಮೂಗಿನ ತುದಿಯಲ್ಲೇ ಕೋಪ. ಒಬ್ಬ ಒಂದು ಬೈದರೆ ನಾನು ನಾಲ್ಕು ಬೈದು ಆಮೇಲೆ ಅಳಿಸುತ್ತಿದ್ದೆ. ಅತ್ತಿಗೆ ನನ್ನನ್ನು ಕರೆಯುವುದೇ ಮೆಣಸಿನಕಾಯಿ ಎಂದು. ಹೆಸರಿಟ್ಟು ವರ್ಷಗಳಾದವು, ಈಗ ಮನೆಯಲ್ಲಿ ಎಲ್ಲರಿಗೂ ಅದೇ ರೂಢಿ.

ಅತ್ತಿಗೆಯ ವಿಷಯ ಹೇಳಬೇಕಾದರೆ ಬಸ್ ನಿಲ್ದಾಣದಿಂದ ಶುರು ಮಾಡಬೇಕು. ಅವರು ದೊಡ್ಡ ನಿಲ್ದಾಣದ ಮೈಕಿನ ಕೋಣೆಯಲ್ಲಿ ಪ್ರಕಟಣೆ ಮಾಡುತ್ತಿದ್ದವರು. ಯಾವ ಬಸ್ಸು, ಯಾವ ಅಂಕಣ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ದಿನವಿಡೀ ಹೇಳುವ ಕೆಲಸ. ಅವರ ಧ್ವನಿ ಎಂಥದ್ದೆಂದರೆ, ಗದ್ದಲದಲ್ಲಿ ಮಗು ಅಳುತ್ತಿದ್ದರೂ, ಸಾಮಾನು ಹೊರುವವರು ಜಗಳವಾಡುತ್ತಿದ್ದರೂ, ಅವರು ಬಾಯಿ ತೆರೆದರೆ ಜನ ಒಮ್ಮೆ ತಲೆಯೆತ್ತುತ್ತಿದ್ದರು. ಸಣ್ಣವಳಿದ್ದಾಗ ನಾನೂ ಎತ್ತಿದ್ದೇನೆ.

ಆ ನಿಲ್ದಾಣದಲ್ಲಿ ಚಾಲಕರದ್ದೊಂದು ಪದ್ಧತಿ ಇತ್ತು. ಮೈಕಿನಲ್ಲಿ ತನ್ನ ಬಸ್ಸಿನ ಹೆಸರು ಕೇಳಿದ ಚಾಲಕ ಎರಡು ಸಲ ಚಿಕ್ಕದಾಗಿ ಹಾರ್ನ್ ಹೊಡೆಯಬೇಕು. ಕೇಳಿಸಿತು, ಹೊರಟೆ ಎಂದು ಅದರ ಅರ್ಥ. ಹಾರ್ನ್ ಬಂದರೆ ಆ ಬಸ್ಸನ್ನು ಮತ್ತೆ ಕರೆಯುವ ಹಾಗಿಲ್ಲ. ಬಾರದಿದ್ದರೆ ಬರುವ ತನಕ ಕರೆಯುತ್ತಲೇ ಇರಬೇಕು. ಚಾಲಕರಲ್ಲಿ ಒಬ್ಬ ಹೊಸಬ ಬೇಕೆಂದೇ ಹಾರ್ನ್ ಹೊಡೆಯದೆ ಸುಮ್ಮನಿರುತ್ತಿದ್ದನಂತೆ. ಇವರು ಮತ್ತೆ ಕರೆಯಬೇಕು, ಅವನು ಮತ್ತೆ ಕೇಳಬೇಕು. ಕಂಟ್ರೋಲರ್ ಸಾಹೇಬರಿಂದ ಉಗಿಸಿಕೊಂಡ ಮೇಲೂ ಆ ಚಾಳಿ ಬಿಡಲಿಲ್ಲ. ಆ ಹೊಸಬನೇ ನಮ್ಮಣ್ಣ. ಮುಖ ನೋಡುವ ಮೊದಲೇ ಧ್ವನಿಗೆ ಮರುಳಾದವನು, ಆ ಧ್ವನಿಯನ್ನೇ ಮದುವೆಯಾದ.

ನಂತರ ಅತ್ತಿಗೆಯ ಕುತ್ತಿಗೆಯಲ್ಲಿ ಗಡ್ಡೆಯೊಂದು ಕಾಣಿಸಿತು. ತೆಗೆದರು. ಗಡ್ಡೆ ಕೆಟ್ಟದ್ದಾಗಿರಲಿಲ್ಲ ಎಂದು ನಾವೆಲ್ಲ ನಿಟ್ಟುಸಿರು ಬಿಟ್ಟು ನೋಡಿದರೆ ಧ್ವನಿ ಹೋಗಿತ್ತು. ಬಂದದ್ದು ಬರೀ ಗಾಳಿ, ನಡುನಡುವೆ ಗೊರಗೊರ. ಮಾತಿನ ಚಿಕಿತ್ಸೆ ಕೊಡುವ ಡಾಕ್ಟರಮ್ಮ ವಿವರಿಸಿದರು. ಗಂಟಲಿನಲ್ಲಿ ಎರಡು ರೆಕ್ಕೆಯ ಬಾಗಿಲಿದ್ದ ಹಾಗೆ, ಒಂದು ರೆಕ್ಕೆ ಈಗ ಅಲ್ಲಾಡುವುದಿಲ್ಲ, ಇನ್ನೊಂದು ರೆಕ್ಕೆ ತನ್ನ ಜಾಗ ದಾಟಿ ಬಂದು ಅದನ್ನು ಮುಟ್ಟುವುದನ್ನು ಕಲಿಯಬೇಕು.

"ದಿನಾ ಗಟ್ಟಿಯಾಗಿ ಮಾತಾಡ್ಬೇಕು. ಪಿಸುಮಾತು ಬೇಡ, ಸನ್ನೆಯಂತೂ ಬೇಡವೇ ಬೇಡ," ಎಂದರು ಡಾಕ್ಟರಮ್ಮ. "ಸುಮ್ಮನೆ ಕೂತ್ರೆ ಇರೋ ರೆಕ್ಕೆನೂ ಸೋಮಾರಿ ಆಗತ್ತೆ. ಆಮೇಲೆ ನಾನೂ ಏನೂ ಮಾಡೋಕಾಗಲ್ಲ."

ನಿಲ್ದಾಣದವರು ಮೈಕನ್ನು ಬೇರೆಯವರಿಗೆ ಕೊಟ್ಟರು. ಅತ್ತಿಗೆಯನ್ನು ಬೆಳಗಿನ ಪಾಳಿಗೆ, ಕಳೆದುಹೋದ ವಸ್ತುಗಳ ಕೌಂಟರಿಗೆ ಹಾಕಿದರು. ಅಲ್ಲಿ ಕೊಡೆ, ಚೀಲ, ಒಂಟಿ ಚಪ್ಪಲಿಗಳ ನಡುವೆ ಮಾತೇ ಬೇಕಿರಲಿಲ್ಲ. ಮನೆಯಲ್ಲಿ ಅಣ್ಣನೂ ಮಾತಾಡಲು ಬಿಡುತ್ತಿರಲಿಲ್ಲ. ಅವರು ಬಾಯಿ ತೆರೆಯುವ ಮೊದಲೇ ನೀರು ತಂದಿಡುವನು, ಉಪ್ಪು ಮುಂದೆ ಸರಿಸುವನು. "ಸನ್ನೆ ಮಾಡು ಸಾಕು, ನನಗರ್ಥ ಆಗತ್ತೆ," ಎನ್ನುವನು. ಪ್ರೀತಿಯಿಂದಲೇ ಅನ್ನುತ್ತಿದ್ದ, ಅದೇ ಕಷ್ಟ. ಡಾಕ್ಟರಮ್ಮನ ಮಾತನ್ನು ನೆನಪಿಸಿದರೆ ಎದ್ದು ಹೋಗುತ್ತಿದ್ದ. ಒಂದು ದಿನ ನನ್ನ ಹತ್ತಿರ ಬಾಯಿಬಿಟ್ಟ, "ಆ ಗೊರಗೊರ ಕೇಳಿದ್ರೆ ಎದ್ದು ಓಡಿಹೋಗೋಣ ಅನ್ಸತ್ತೆ ಕಣೇ. ನನ್ನಿಂದ ಆಗಲ್ಲ."

ಒಬ್ಬರೇ ಕೋಣೆಯಲ್ಲಿ ಕೂತು ಗೋಡೆಯೊಂದಿಗೆ ಮಾತಾಡಿದರೆ ತಲೆ ಕೆಟ್ಟವರ ಹಾಗೆ ಅನ್ನಿಸುತ್ತದೆ ಎಂದು ಅತ್ತಿಗೆ ಈ ಗೇಮ್ ಹುಡುಕಿಕೊಂಡರು. ಬಸ್ಸು, ನಿಲ್ದಾಣ, ಪ್ರಯಾಣಿಕರು. ಪ್ರತಿ ಸ್ಟಾಪಿನಲ್ಲೂ ಪ್ರಕಟಣೆ ಮಾಡಬಹುದು. ಆಲಿಸುವವರಿದ್ದರೆ ಮಾತಿಗೆ ಶಿಸ್ತು ಬರುತ್ತದೆ ಎಂದು ಸ್ಟ್ರೀಮ್ ಶುರುವಾಯಿತು. ಚಾನೆಲ್ಲಿಗೆ 'ಕೊನೇ ಸ್ಟಾಪ್' ಎಂದು ಹೆಸರಿಟ್ಟರು, ಏಕೆಂದರೆ ನಮ್ಮ ಬೀದಿಯ ತುದಿಯಲ್ಲಿ ನೀರಿನ ಟ್ಯಾಂಕಿನ ಹತ್ತಿರ ಸಿಟಿ ಬಸ್ಸಿನ ಕೊನೇ ಸ್ಟಾಪು. ಅಷ್ಟರಲ್ಲಿ ಅಣ್ಣ ದೂರದ ಊರಿನ ಬಸ್ಸು ಬಿಟ್ಟು ಅದೇ ಸಿಟಿ ಬಸ್ಸಿಗೆ ಬಂದಿದ್ದ. ಅಲ್ಲಿ ಗಾಡಿ ನಿಲ್ಲಿಸಿ ಟೀ ಕುಡಿಯುತ್ತಾನೆ, ಮತ್ತೆ ಹೊರಡುತ್ತಾನೆ.

ಕೋಣೆಯ ಬಾಗಿಲಿಗೆ ಹಳೇ ರಜಾಯಿ ತೂಗುಹಾಕಿದೆವು, ಹೊರಗಿನ ಸದ್ದು ಬಾರದಿರಲೆಂದು. ಕಿಟಕಿಗೆ ಹಾಕಲು ಇನ್ನೊಂದು ರಜಾಯಿ ಇರಲಿಲ್ಲ, ಹಾಗೇ ಬಿಟ್ಟೆವು. ನೋಡುವವರ ಸಂಖ್ಯೆ ಪರದೆಯ ಮೂಲೆಯಲ್ಲಿ ಕಾಣುತ್ತದಲ್ಲ, ಅದರ ಮೇಲೆ ಅತ್ತಿಗೆ ಗಾಯಕ್ಕೆ ಅಂಟಿಸುವ ಪ್ಲಾಸ್ಟರ್ ತುಂಡು ಅಂಟಿಸಿದರು. "ಎಷ್ಟು ಜನ ಕಾಯ್ತಿದ್ದಾರೆ ಅಂತ ನೋಡ್ಕೊಂಡು ಬಸ್ಸು ಬಿಡೋಕಾಗತ್ತಾ?" ಎಂದರು.

ಮೊದಲ ವಾರವೇ ಬಂತು ನೋಡಿ ಸುರಿಮಳೆ. ಕಪ್ಪೆ ಅಂದರು. ತಗಡು ಎಳೆದ ಹಾಗಿದೆ ಅಂದರು. ಗಂಡಸೋ ಹೆಂಗಸೋ ಅಂತ ಪಂದ್ಯ ಕಟ್ಟಿದರು. ಕಬ್ಬಿಣದ ಹಲ್ಲು ಎಂಬ ಹೆಸರಿಟ್ಟುಕೊಂಡವನೊಬ್ಬ ದಿನಾ ತಪ್ಪದೆ ಬಂದು ಉಗುಳಿ ಹೋಗುವನು. ನನ್ನ ಮೈ ಉರಿದುಹೋಯಿತು. ಅವನ ವಂಶವನ್ನೆಲ್ಲ ಜಾಲಾಡಲು ಹೆಬ್ಬೆರಳು ಎತ್ತಿದೆ.

ಅತ್ತಿಗೆ ನನ್ನ ಕೈ ಹಿಡಿದರು. ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿದರು. ಬೆನ್ನು ನೆಟ್ಟಗೆ ಮಾಡಿಕೊಂಡು, ಮೈಕಿನ ಕೋಣೆಯಲ್ಲಿ ಕೂರುತ್ತಿದ್ದಂತೆ ಕೂತು, ಆ ಒಡಕು ಧ್ವನಿಯಲ್ಲಿ ಶುರುಮಾಡಿದರು.

"ಪ್ರಯಾಣಿಕರ ಗಮನಕ್ಕೆ. ನಿಲ್ದಾಣದ ಆವರಣದಲ್ಲಿ ಒಂದು ಬೈಗುಳ ಸಿಕ್ಕಿರುತ್ತದೆ. ಆರು ಪದಗಳಿದ್ದು, ಕೊನೆಯಲ್ಲಿ ನಗುವ ಮುಖದ ಚಿತ್ರವಿರುತ್ತದೆ. ವಾರಸುದಾರರು ಕೌಂಟರಿಗೆ ಬಂದು, ಒಳಗೇನಿದೆ ಎಂದು ಸರಿಯಾಗಿ ಹೇಳಿ, ಪಡೆದುಕೊಳ್ಳಬೇಕಾಗಿ ವಿನಂತಿ."

ನಾನು ಬಿಟ್ಟ ಬಾಯಿ ಬಿಟ್ಟ ಹಾಗೇ ಕೂತೆ.

ಆಮೇಲೆ ವಿವರಿಸಿದರು. ಕೌಂಟರಿನ ಕ್ರಮವೇ ಹಾಗಂತೆ. ಸಿಕ್ಕ ಚೀಲದ ಹೊರಗಿನದನ್ನು ಮಾತ್ರ ಪ್ರಕಟಿಸಬೇಕು, ಬಣ್ಣ ಯಾವುದು, ಹಿಡಿಕೆ ಎಷ್ಟು, ಹರಿದಿದೆಯೋ ಇಲ್ಲವೋ. ಒಳಗಿನದನ್ನು ಹೇಳಬಾರದು. ಅದನ್ನು ಹೇಳಬೇಕಾದವರು ಕೇಳಿಕೊಂಡು ಬಂದವರು. ಹೇಳಿದರೆ ಮಾತ್ರ ಅದು ಅವರದ್ದು.

"ಅಲ್ಲ ಅತ್ತಿಗೆ, ಅವನು ಇಷ್ಟೆಲ್ಲ ಅಂದಿದ್ದು ನಿಮಗೆ ನೋಯಲ್ವಾ?" ಎಂದು ಕೇಳಿದೆ.

"ನೋಯತ್ತೆ. ಯಾಕೆ ನೋಯಲ್ಲ?" ಎಂದರು. "ಆದ್ರೆ ಕೌಂಟರಲ್ಲಿ ಇನ್ನೊಂದು ನಿಯಮ ಇದೆ ಕಣೇ ಮೆಣಸಿನಕಾಯಿ. ಸಿಕ್ಕಿದ ಸಾಮಾನನ್ನ ನಾವು ಮನೆಗೆ ತಗೊಂಡು ಹೋಗೋ ಹಾಗಿಲ್ಲ. ಎಷ್ಟೇ ಚೆನ್ನಾಗಿರಲಿ, ಎಷ್ಟೇ ಗಲೀಜಾಗಿರಲಿ, ಅದು ನಮ್ಮದಲ್ಲ."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಇವರನ್ನು ನಾನು ನೋಡಿಯೇ ಇಲ್ಲವಲ್ಲ ಅನ್ನಿಸಿತು. ಅಂದಿನಿಂದ ಆ ಕೋಣೆಗೆ ಹೋಗುವಾಗ ನನಗೆ ಗೊತ್ತಿಲ್ಲದೆ ಸೆರಗು ಸರಿಮಾಡಿಕೊಳ್ಳುತ್ತಿದ್ದೆ.

ಇನ್ನೂ ಸೋಜಿಗವೆಂದರೆ, ಕೆಲವರು ನಿಜವಾಗಿಯೂ ಬೈಗುಳ ವಾಪಸ್ ಪಡೆಯಲು ಬಂದರು. ನಿದ್ದೆಗಣ್ಣ ಎಂಬವನು ಬರೆದ, "ಆ ಆರು ಪದದ್ದು ನಂದೇ. ಒಳಗೆ ಏನಿಲ್ಲ, ಬಸ್ಸು ಮಿಸ್ ಆಗಿ ಮಳೇಲಿ ನೆಂದಿದ್ದೆ, ಯಾರಿಗಾದ್ರೂ ಬೈಬೇಕಿತ್ತು." ಅತ್ತಿಗೆ ಗಂಭೀರವಾಗಿ, "ವಿವರ ಹೊಂದಿಕೆಯಾಗಿದೆ, ವಸ್ತುವನ್ನು ಹಿಂತಿರುಗಿಸಲಾಗಿದೆ," ಎಂದು ಪ್ರಕಟಿಸಿ, ನನಗೆ ಅಳಿಸಲು ಕಣ್ಸನ್ನೆ ಮಾಡಿದರು. ನಿದ್ದೆಗಣ್ಣ ಮರುದಿನವೂ ಬಂದ, ಈ ಸಲ ಬಸ್ಸು ಸಿಕ್ಕಿತ್ತಂತೆ. ಕಿಟಕಿ ಸೀಟು ಎಂಬ ಇನ್ನೊಬ್ಬರು ಮೊದಲ ದಿನದಿಂದಲೂ ಒಂದು ಬೈಗುಳವನ್ನೂ ಬರೆಯದೆ, ಬರೀ ಪ್ರಕಟಣೆ ಕೇಳಲು ಬರುತ್ತಿದ್ದರು. ಯಾರೂ ಕೇಳಿಕೊಂಡು ಬರದ ಬೈಗುಳಗಳನ್ನು ಸ್ಟ್ರೀಮ್ ಮುಗಿಯುವಾಗ ಅತ್ತಿಗೆ, "ವಾರಸುದಾರರಿಲ್ಲದ ವಸ್ತುಗಳನ್ನು ವಿಲೇವಾರಿ ಮಾಡಲಾಗುವುದು," ಎಂದು ಹೇಳಿ ನನ್ನಿಂದ ಒಟ್ಟಿಗೆ ಅಳಿಸಿ ಹಾಕಿಸುತ್ತಿದ್ದರು. ಕಬ್ಬಿಣದ ಹಲ್ಲಿನದ್ದೇ ಅದರಲ್ಲಿ ಹೆಚ್ಚು.

ಒಂದು ವಿಷಯ ಇಲ್ಲಿ ಹೇಳಿಬಿಡಬೇಕು. ಲೈವ್ ಎಂದರೂ ಅದು ಪೂರ್ತಿ ಲೈವ್ ಅಲ್ಲ. ಇಲ್ಲಿ ಆಡಿದ ಮಾತು ನೋಡುವವರ ಮೊಬೈಲು ಮುಟ್ಟಲು ಒಂದು ಗುಟುಕು ನೀರು ಕುಡಿದು ಲೋಟ ಕೆಳಗಿಡುವಷ್ಟು ಹೊತ್ತು ಬೇಕು. ಕಾವಲಿಗೆಂದು ನಾನು ಒಂದು ಕಿವಿಗೆ ಇಯರ್‌ಫೋನ್ ಹಾಕಿ ಸ್ಟ್ರೀಮ್ ಕೇಳುತ್ತಿರುತ್ತೇನೆ. ಹಾಗಾಗಿ ಅತ್ತಿಗೆಯ ಪ್ರತಿ ಮಾತೂ ನನಗೆ ಎರಡು ಸಲ ಕೇಳುತ್ತದೆ, ಒಮ್ಮೆ ಪಕ್ಕದಿಂದ, ಆಮೇಲೆ ಕಿವಿಯೊಳಗೆ. ಶುರುವಿನಲ್ಲಿ ತಲೆ ಚಿಟ್ಟು ಹಿಡಿಯುತ್ತಿತ್ತು. ಅತ್ತಿಗೆಗೆ ಮಾತ್ರ ಏನೂ ಅನ್ನಿಸಲಿಲ್ಲ. ನಿಲ್ದಾಣದ ಕೊನೆಯ ಅಂಕಣಕ್ಕೆ ಮೈಕಿನ ಸದ್ದು ತಡವಾಗಿ ಮುಟ್ಟುತ್ತಿತ್ತಂತೆ. ಹೇಳಿ, ತಡೆದು, ಕಾಯುವುದು ಅವರಿಗೆ ಅಭ್ಯಾಸವಾಗಿತ್ತು.

ಧ್ವನಿ ನಿಧಾನಕ್ಕೆ ಕೂಡಿಕೊಳ್ಳುತ್ತಿತ್ತು. ಹಳೆಯದಲ್ಲ, ಬೇರೆಯದೇ. ತಗ್ಗಿದ, ಒರಟಾದ ಧ್ವನಿ, ಆದರೆ ಗಾಳಿ ಕಡಿಮೆಯಾಗಿ ಅಕ್ಷರಗಳು ತುಂಡಾಗದೆ ಬರತೊಡಗಿದವು. ಡಾಕ್ಟರಮ್ಮ ಖುಷಿಪಟ್ಟರು. ಅಣ್ಣ ಮಾತ್ರ ಒಂದು ದಿನವೂ ಸ್ಟ್ರೀಮ್ ತೆರೆದು ನೋಡಲಿಲ್ಲ. ಅತ್ತಿಗೆ ಅದನ್ನು ದೂರಲಿಲ್ಲ. "ನಿಮ್ಮಣ್ಣ ಮದುವೆ ಆಗಿದ್ದು ಆ ಹಳೇ ಧ್ವನಿನ. ಇದು ಅವರಿಗೆ ಪರಿಚಯ ಇಲ್ಲದವಳು," ಎಂದು ನಗುತ್ತಾ ಹೇಳಿ, ಆಮೇಲೆ ಬಹಳ ಹೊತ್ತು ಬಟ್ಟೆ ಮಡಚಿದರು.

ಹೀಗಿರುವಾಗ ಕಬ್ಬಿಣದ ಹಲ್ಲು ಒಂದು ಘನಕಾರ್ಯ ಮಾಡಿದ. ಅತ್ತಿಗೆಯ ಪ್ರಕಟಣೆಯನ್ನು ಕತ್ತರಿಸಿ, ನಡುನಡುವೆ ಕಪ್ಪೆ ಕೂಗುವ ಸದ್ದು ಜೋಡಿಸಿ, ಒಂದು ತುಣುಕು ಮಾಡಿ ಹರಿಬಿಟ್ಟ. ಅದು ಕಾಳ್ಗಿಚ್ಚಿನಂತೆ ಹಬ್ಬಿತು. ಬೆಳಗ್ಗೆ ಕೌಂಟರಿನಲ್ಲಿ ಯಾರೋ ಸಹೋದ್ಯೋಗಿ, "ಇದು ನೀವೇ ಅಲ್ವಾ ಮೇಡಂ?" ಎಂದು ಮೊಬೈಲು ಚಾಚಿ ತೋರಿಸಿದರಂತೆ. ಸುತ್ತಲಿದ್ದ ಪ್ರಯಾಣಿಕರೂ ಬಗ್ಗಿ ನೋಡಿ ನಕ್ಕರಂತೆ.

ಅಂದು ಊಟಕ್ಕೆ ಕೂತಾಗ ಅತ್ತಿಗೆ ನೀರಿನ ತಂಬಿಗೆಯತ್ತ ಬೆರಳು ತೋರಿಸಿದರು. ಬೇಕು ಎನ್ನಲಿಲ್ಲ. ಬರೀ ಬೆರಳು ತೋರಿಸಿದರು.

ಅಣ್ಣನಿಗೂ ವಿಷಯ ಗೊತ್ತಾಗಿತ್ತು. ಅವನು ಡ್ಯೂಟಿಗೆ ಹೊರಡಲು ಎದ್ದವನು ಬಾಗಿಲಲ್ಲಿ ನಿಂತು ಹೇಳಿದ, "ನಿಲ್ಸಿಬಿಡು ಅದನ್ನ. ಮಾತಾಡಿ ಮಾತಾಡಿ ಕಂಡವರ ಹತ್ರ ಅನ್ನಿಸ್ಕೊಳ್ಳೋದ್ಯಾಕೆ? ನೀನು ಮಾತಾಡದೆ ಇದ್ರೂ ನನಗೇನೂ ಇಲ್ಲ."

ಅತ್ತಿಗೆ ಅವನನ್ನೇ ನೋಡಿ ತಲೆಯಾಡಿಸಿದರು. ಅಣ್ಣ ಸಮಾಧಾನದಿಂದ ಹೊರಟುಹೋದ. ನನಗೆ ಅವನನ್ನು ಹಿಡಿದು ನಾಲ್ಕು ಬಾರಿಸಬೇಕು ಅನ್ನಿಸಿತು.

ಕೈ ತೊಳೆದು ಬಂದ ಅತ್ತಿಗೆ ಕೋಣೆಗೆ ಹೋಗಿ ಕಂಪ್ಯೂಟರ್ ಹಾಕಿದರು. "ಹೊರಟ ಬಸ್ಸನ್ನ ದಾರೀಲಿ ಬಿಡಬಾರದು," ಎಂದರು, ಮೆಲ್ಲಗೆ. "ಇವತ್ತು ಒಂದು ಟ್ರಿಪ್ಪು. ಆಮೇಲೆ ಮುಗೀತು."

ನನಗೆ ಒಂದೇ ಯೋಚನೆ. ಕೊನೆಯದೇ ಆಗುವುದಾದರೆ ಇವರ ಕಣ್ಣಿಗೆ ಒಂದು ಕೊಳಕು ಅಕ್ಷರವೂ ಬೀಳಕೂಡದು. ಚಾಟ್‌ಗೆ ಮೊದಲೇ ಹೇಳಿಡುವ ಅನುಕೂಲವಿದೆ, ಇಂಥಿಂಥ ಪದ ಬಂದರೆ ತಡೆ, ಬರೆದವರನ್ನು ಆಚೆ ಹಾಕು ಎಂದು. ನಾನು ಹಲ್ಲು ಕಚ್ಚಿ ಒಂದೊಂದೇ ತುಂಬಿದೆ. ಕಪ್ಪೆ ಹಾಕಿದೆ, ಗಂಟಲು ಹಾಕಿದೆ, ಧ್ವನಿ ಹಾಕಿದೆ, ಮಾತು ಎಂಬುದನ್ನೂ ಬಿಡಲಿಲ್ಲ. ಕೋಪದಲ್ಲಿ ಪ್ರಕಟಣೆ ಎಂಬ ಪದವನ್ನೂ ಸೇರಿಸಿದೆ.

ಅತ್ತಿಗೆ ಬಸ್ಸು ಹೊರಡಿಸಿದರು. ಮೊದಲ ಸ್ಟಾಪು ಬಂತು, ಪ್ರಕಟಿಸಿದರು. ಚಾಟ್ ಖಾಲಿ. ಎರಡನೇ ಸ್ಟಾಪು. ಖಾಲಿ. ಹೇಳಿ, ತಡೆದು, ಕಾದರು. ಒಂದು ನೊಣವೂ ಹಾರಲಿಲ್ಲ. ಮೂರನೇ ಸ್ಟಾಪಿನಲ್ಲಿ ಬಸ್ಸು ನಿಂತಿತು, ಬಾಗಿಲು ತೆರೆಯಿತು, ಅತ್ತಿಗೆ ಬಾಯಿ ತೆರೆಯಲಿಲ್ಲ. ಪ್ಲಾಸ್ಟರ್ ಅಂಟಿಸಿದ ಮೂಲೆಯನ್ನೇ ನೋಡುತ್ತಾ ಕೂತರು.

"ಬೈಯೋರೂ ಹೋದ್ರಾ?" ಎಂದು ಪಿಸುಗುಟ್ಟಿದರು. ಡಾಕ್ಟರಮ್ಮ ಬೇಡವೆಂದಿದ್ದ ಆ ಪಿಸುಮಾತು.

ಆಗ ನನಗೆ ಹೊಳೆಯಿತು. ನಾನು ಮೊಬೈಲಿನಲ್ಲಿ ತಡೆಹಿಡಿದ ಬರಹಗಳ ಪಟ್ಟಿ ತೆರೆದೆ. ಅಲ್ಲಿ ರಾಶಿ ಬಿದ್ದಿತ್ತು. ಬೈಗುಳ ಇತ್ತು, ಬೇಕಾದಷ್ಟಿತ್ತು. ಅದರ ನಡುವೆ ಕಿಟಕಿ ಸೀಟು ಬರೆದಿದ್ದರು, ನಿಮ್ಮ ಧ್ವನಿ ಕೇಳದೆ ನನಗೆ ಮಧ್ಯಾಹ್ನ ಆಗೋದಿಲ್ಲ. ನಿದ್ದೆಗಣ್ಣ ಬರೆದಿದ್ದ, ಕಪ್ಪೆ ಅನ್ನೋರಿಗೆ ಸೊಪ್ಪು ಹಾಕ್ಬೇಡಿ ಅಕ್ಕ. ಇನ್ಯಾರೋ, ಇವತ್ತು ಪ್ರಕಟಣೆ ಜೋರಾಗಿರಲಿ. ಒಳ್ಳೆಯದು ಬರೆದವರಿಗೂ ಅವೇ ಪದಗಳು ಬೇಕಿದ್ದವು, ಅವರನ್ನೆಲ್ಲ ನಾನೇ ಕತ್ತು ಹಿಡಿದು ಆಚೆ ಹಾಕಿಸಿದ್ದೆ.

"ಅತ್ತಿಗೆ, ಯಾರೂ ಹೋಗಿಲ್ಲ," ಎಂದೆ. "ಬಾಗಿಲು ಹಾಕಿದ್ದು ನಾನು."

ಅತ್ತಿಗೆ ಮೊಬೈಲು ತೆಗೆದುಕೊಂಡು ಓದಿದರು. ಮೇಲಿನಿಂದ ಕೆಳಗಿನವರೆಗೆ, ಒಳ್ಳೆಯದು ಕೆಟ್ಟದು ಒಂದೂ ಬಿಡದೆ. ನಂತರ ನನ್ನ ಕೈಗೆ ಹಿಂದಕ್ಕೆ ಕೊಟ್ಟರು.

"ತೆಗಿ."

"ಯಾವುದನ್ನ?"

"ಹಾಕಿರೋ ತಡೆನೆಲ್ಲ ತೆಗಿ. ಆಚೆ ಹಾಕಿದವರನ್ನೂ ಕರಿ. ಕೌಂಟರ್ ಮುಚ್ಕೊಂಡು ಸಾಮಾನು ಕಳೆದಿಲ್ಲ ಅಂತ ಹೇಳೋಕಾಗಲ್ಲ."

ತೆಗೆದೆ. ಚಾಟ್ ಕಟ್ಟೆ ಒಡೆದ ಹಾಗೆ ನುಗ್ಗಿತು. ಅಷ್ಟೊಂದು ಕಪ್ಪೆಗಳನ್ನು ನಾನು ಜೀವಮಾನದಲ್ಲಿ ನೋಡಿಲ್ಲ. ಅತ್ತಿಗೆ ಒಂದು ಗುಟುಕು ನೀರು ಕುಡಿದರು, ಲೋಟ ಕೆಳಗಿಟ್ಟರು, ಬೆನ್ನು ನೆಟ್ಟಗೆ ಮಾಡಿದರು.

"ಪ್ರಯಾಣಿಕರ ಗಮನಕ್ಕೆ. ಇಂದು ನಿಲ್ದಾಣದಲ್ಲಿ ಭಾರೀ ಸಂಖ್ಯೆಯಲ್ಲಿ ಕಪ್ಪೆಗಳು ಸಿಕ್ಕಿರುತ್ತವೆ. ಕೆಲವಕ್ಕೆ ಕೊಂಬು, ದೀರ್ಘ ತಪ್ಪಿರುತ್ತದೆ. ವಾರಸುದಾರರು ಗಾಬರಿಯಾಗದೆ ಸಾಲಿನಲ್ಲಿ ಬರಬೇಕಾಗಿ ವಿನಂತಿ."

ಒಂದೊಂದಾಗಿ ಕರೆದರು. ಇದು ನಾಲ್ಕು ಪದದ್ದು, ಇದು ದೊಡ್ಡ ಅಕ್ಷರದ್ದು, ಇದನ್ನು ಒಬ್ಬರೇ ಮೂರು ಹೆಸರಿನಲ್ಲಿ ಬಿಟ್ಟುಹೋಗಿದ್ದಾರೆ. ಧ್ವನಿ ಒಡೆದರೆ ನಿಲ್ಲುವರು, ಉಸಿರು ತೆಗೆದುಕೊಳ್ಳುವರು, ಅದೇ ಪದದಿಂದ ಮತ್ತೆ ಹಿಡಿಯುವರು. ಅಲ್ಲಾಡದ ಆ ರೆಕ್ಕೆಯ ಕಡೆಗೆ ಇನ್ನೊಂದು ರೆಕ್ಕೆ ಪ್ರತಿ ಸಲವೂ ದಾಟಿ ಹೋಗುವುದು ನನಗೆ ಕಂಡಂತೆಯೇ ಆಯಿತು. ನಗಲು ಬಂದವರು ನಗುತ್ತಲೇ ಇದ್ದರು, ಆದರೆ ಬರಬರುತ್ತಾ ಯಾವುದಕ್ಕೆ ನಗುತ್ತಿದ್ದಾರೆ ಎಂಬುದು ಬದಲಾಯಿತು. "ನಂದೂ ಓದಿ ಮೇಡಂ," ಎಂದು ಬೇಡತೊಡಗಿದರು. ಒಬ್ಬಳು ಬರೆದಳು, "ಒಳಗಿರೋದು ಹೇಳ್ತೀನಿ. ನನ್ನ ಧ್ವನಿ ಕೇಳಿ ಎಲ್ಲ ನಗ್ತಾರೆ ಅಂತ ಆಫೀಸಲ್ಲಿ ಬಾಯೇ ಬಿಡಲ್ಲ ನಾನು. ಸಾರಿ." ಅತ್ತಿಗೆ ಅದನ್ನು ಓದಿ, "ವಿವರ ಹೊಂದಿಕೆಯಾಗಿದೆ," ಎಂದರು. ಕಬ್ಬಿಣದ ಹಲ್ಲು ಮಾತ್ರ ಸಾಲಿಗೆ ಬರಲೇ ಇಲ್ಲ. ಅವನದ್ದು ಎಂದಿನಂತೆ ವಿಲೇವಾರಿಗೆ ಹೋಯಿತು.

ಇದೆಲ್ಲ ಮುಗಿಯುವ ಹೊತ್ತಿಗೆ ಗೇಮಿನ ಬಸ್ಸು ಕೊನೇ ಸ್ಟಾಪು ಮುಟ್ಟಿತ್ತು, ಆಶ್ಚರ್ಯಕ್ಕೆ ಒಂದು ಕಂಬವನ್ನೂ ಬೀಳಿಸದೆ. ಈಗ ಸ್ಟ್ರೀಮ್ ನಿಲ್ಲಿಸುತ್ತೇನೆ ಎನ್ನುತ್ತಾರೆ ಎಂದುಕೊಂಡೆ. ಅತ್ತಿಗೆ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು, ಇಷ್ಟು ದಿನ ಒಮ್ಮೆಯೂ ಹೇಳದ ಹಳೆಯ ಪ್ರಕಟಣೆಯೊಂದನ್ನು ಹೇಳಿದರು.

"ಪ್ರಯಾಣಿಕರ ಗಮನಕ್ಕೆ. ಕೊನೇ ಸ್ಟಾಪಿನಲ್ಲಿ ನಿಂತಿರುವ ಬಸ್ಸು ಹೊರಡಲು ಸಿದ್ಧವಾಗಿದೆ. ಚಾಲಕರು ಎಲ್ಲೇ ಇದ್ದರೂ ಕೂಡಲೇ ಬರಬೇಕಾಗಿ ವಿನಂತಿ."

ಎಂದಿನಂತೆ ಅದೇ ಮಾತು ತಡವಾಗಿ ನನ್ನ ಇಯರ್‌ಫೋನಿನಲ್ಲಿ ಶುರುವಾಯಿತು. ಬರಬೇಕಾಗಿ ವಿನಂತಿ ಎಂಬಲ್ಲಿಗೆ ಬಂದು ನಿಂತಿತು. ನಿಂತ ಮರುಗಳಿಗೆಯಲ್ಲಿ, ಬೀದಿಯ ತುದಿಯ ನೀರಿನ ಟ್ಯಾಂಕಿನ ಕಡೆಯಿಂದ, ರಜಾಯಿಯಿಲ್ಲದ ಆ ಕಿಟಕಿಯ ಮೂಲಕ, ಎರಡು ಚಿಕ್ಕ ಹಾರ್ನ್ ಕೇಳಿಸಿತು.

ಅತ್ತಿಗೆಯ ಬೆರಳು ಕೀಬೋರ್ಡಿನ ಮೇಲೆ ಹಾಗೇ ನಿಂತಿತು. "ಗೇಮಿಂದಾ ಅದು?"

"ಅಲ್ಲ ಅತ್ತಿಗೆ," ಎಂದೆ. "ಹೊರಗಿಂದ. ನಿಮ್ಮ ಮಾತು ಮೊಬೈಲಲ್ಲಿ ಮುಗಿದ ಮೇಲೆ ಬಂತು. ಅಣ್ಣ ಅಲ್ಲಿ ಕೂತು ಕೇಳ್ತಿದ್ದಾನೆ."

ಅವರು ಕಿಟಕಿಯತ್ತ ನೋಡಲಿಲ್ಲ. ಕಣ್ಣು ಒರೆಸಿಕೊಳ್ಳಲೂ ಇಲ್ಲ. ಹಾರ್ನ್ ಬಂದ ಬಸ್ಸನ್ನು ಮತ್ತೆ ಕರೆಯುವ ಹಾಗಿಲ್ಲ, ಅದು ಆ ನಿಲ್ದಾಣದ ನಿಯಮ, ಅತ್ತಿಗೆ ಒಂದು ದಿನವೂ ಅದನ್ನು ಮೀರಿದವರಲ್ಲ. ಅಂದು ಮೀರಿದರು. ಮೈಕಿಗೆ ಬಾಯಿಟ್ಟು, ಗಂಟಲಿನಲ್ಲಿ ಇದ್ದಬದ್ದ ಒರಟನ್ನೆಲ್ಲ ಹಾಗೇ ಬಿಟ್ಟು, ಅದೇ ಬಸ್ಸನ್ನು ಇನ್ನೊಮ್ಮೆ ಕರೆದರು. ಹೇಳಿ, ತಡೆದು, ಕಾದರು.